ದಬ್ಬಣಕ್ಕೆ ಸಿಗದ ಸಿನಿಮಾ

ನನಗೆ ಬೆರಗಾಗುವ ಕಾಯಿಲೆ ಇದೆ. ನನ್ನ ವಯಸ್ಸಿನವರೆಲ್ಲ ಬಿಪಿ, ಶುಗರ್ ಎಂದು ಹೇಳಿಕೊಂಡು ಓಡಾಡುವಾಗ ನಾನು ಇದೊಂದನ್ನು ಹೇಳಿಕೊಳ್ಳಬೇಕಾಗಿದೆ. ಡ್ಯಾಮಿನ ಗೇಟು ಎತ್ತಿದಾಗ ಇಡೀ ಹೊಸಪೇಟೆ ಹೋಗಿ ಬಾಯಿ ತೆರೆದು ನಿಲ್ಲುತ್ತದೆ, ಅದು ಸರಿ. ನಾನು ಗ್ಯಾಸ್ ಲೈಟರ್ ಹೊತ್ತಿಕೊಂಡರೂ ಹಾಗೇ ನಿಲ್ಲುತ್ತೇನೆ. "ನಿಮಗ ಯಾವುದು ದೊಡ್ಡದು, ಯಾವುದು ಸಣ್ಣದು ಗೊತ್ತ ಆಗಂಗಿಲ್ಲ ನೋಡ್ರಿ" ಎಂದು ನನ್ನ ಹೆಂಡತಿ ಗಿರಿಜಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಆದರೂ ಮೊದಲ ಸಲ ಸಿನಿಮಾದ ಡಿಸ್ಕ್ ಕೈಗೆ ಬಂದಾಗ ಆದ ಬೆರಗು ನನ್ನ ಮಟ್ಟಿಗೂ ಹೆಚ್ಚಿನದೇ ಆಗಿತ್ತು. ಆನೆ, ಕುದುರೆ, ಏಳು ಹಾಡು, ನಾಯಕಿಯ ಅಷ್ಟೂ ಕಣ್ಣೀರು, ಎಲ್ಲ ಹಪ್ಪಳಕ್ಕಿಂತ ತೆಳ್ಳಗಿನ ಒಂದು ತಟ್ಟೆಯೊಳಗೆ! ನಾನು ಅದನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿ, ಬಣ್ಣದೊಳಗೆ ಎಲ್ಲಾದರೂ ಆನೆಯ ಸೊಂಡಿಲು ಕಾಣುತ್ತದೇನೋ ಎಂದು ನೋಡಿದ್ದೇನೆ. ನಗಬೇಡಿ, ನೀವೂ ನೋಡಿರುತ್ತೀರಿ.

ಸ್ಟೇಷನ್ ರಸ್ತೆಯಲ್ಲಿ ನನ್ನದು ತಾಡಪತ್ರಿ ಮತ್ತು ಹಗ್ಗದ ಅಂಗಡಿ. ಗಣಿಗಾರಿಕೆ ಉಕ್ಕಿ ಹರಿಯುತ್ತಿದ್ದ ಆ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಇಳಿಯುವ ಲಾರಿಗಳಿಗೆ ಕೊನೆಯೇ ಇರಲಿಲ್ಲ. ಪ್ರತಿ ಲಾರಿಗೂ ಮೇಲೆ ಹೊದಿಸಲು ತಾಡಪತ್ರಿ ಬೇಕು, ಹರಿದದ್ದನ್ನು ಹೊಲಿಯಲು ದಬ್ಬಣ ಬೇಕು. ತಾಡಪತ್ರಿ ಎಷ್ಟು ಹೊದಿಸಿದರೂ ಕೆಂಪು ಧೂಳು ಮಾತ್ರ ಊರಿನ ಮೇಲೆ ಇಳಿಯುತ್ತಲೇ ಇತ್ತು. ಬಿಳಿ ಅಂಗಿ ಕೆಂಪಾಯಿತು, ಬಿಳಿ ನಾಯಿ ಕೆಂಪಾಯಿತು, ಒಂದು ದಿನ ಹೋಟೆಲಿನ ಇಡ್ಲಿಯೂ ಕೆಂಪಗಿತ್ತು. ಹಾಗಾಗಿ ನಮ್ಮೂರಲ್ಲಿ ಏನು ಕೆಟ್ಟರೂ ಧೂಳಿನ ಮೇಲೆ ಹಾಕುವ ಪದ್ಧತಿ ಬೆಳೆಯಿತು. ಕೆಮ್ಮಿದರೆ ಧೂಳು, ಗಡಿಯಾರ ನಿಂತರೆ ಧೂಳು. ಹಾಲು ಒಡೆದದ್ದಕ್ಕೂ ಒಬ್ಬರು ಧೂಳನ್ನೇ ಕಾರಣ ಹೇಳಿದ್ದರು.

ನನ್ನ ಪಕ್ಕದ್ದೇ ಖಾದರ್ ಭಾಯಿಯ ಡಿಸ್ಕ್ ಅಂಗಡಿ. ಆಗ ಅದು ಅಂಗಡಿಯಾಗಿರಲಿಲ್ಲ, ದರ್ಬಾರಾಗಿತ್ತು. ಬಾಗಿಲಷ್ಟು ದೊಡ್ಡ ಟಿವಿ ತಂದ ಲಾರಿ ಮಾಲೀಕರು, ಲಾರಿ ಚಾಲಕರು, ವಡ್ಡು ಹಳ್ಳಿಯಿಂದ ಬೈಕಿನಲ್ಲಿ ಬರುವವರು, ಎಲ್ಲರೂ ಬಾಡಿಗೆಗೆ ಸಿನಿಮಾ ಒಯ್ಯಲು ಸಾಲು ನಿಲ್ಲುತ್ತಿದ್ದರು. ವಾಪಸು ಬಂದ ಪ್ರತಿ ಡಿಸ್ಕನ್ನೂ ಖಾದರ್ ಭಾಯಿ ಟ್ಯೂಬ್‌ಲೈಟಿಗೆ ಹಿಡಿದು, ವೈದ್ಯರು ಎಕ್ಸ್‌ರೇ ನೋಡಿದ ಹಾಗೆ ನೋಡಿ, ನಿಟ್ಟುಸಿರು ಬಿಟ್ಟು, "ಮೈನಿಂಗ್ ಧೂಳು, ಸಾವ್ಕಾರ್ರ. ಏನ್ ಮಾಡಾಕ ಬರಂಗಿಲ್ಲ" ಎನ್ನುತ್ತಿದ್ದರು. ಅವರು ಯಾವ ಗಿರಾಕಿಯನ್ನೂ ಬೈದದ್ದನ್ನು ನಾನು ಕಂಡಿಲ್ಲ. ನನ್ನ ಅಪರಾಧಕ್ಕೆ ಅವರ ಈ ಒಳ್ಳೆಯತನವೇ ಅನುಕೂಲವಾಯಿತು.

ಅಪರಾಧ ಹೇಳುವ ಮೊದಲು ಅದರ ಮೂಲ ಹೇಳಬೇಕು. ಮದುವೆಗೆ ಮುಂಚೆ ಹಂಪಿಗೆ ಒಂದು ರಾಜರ ಸಿನಿಮಾದವರು ಶೂಟಿಂಗಿಗೆ ಬಂದಿದ್ದರು. ಸೈನಿಕರು ಬೇಕಾಗಿದ್ದರು. ನಮ್ಮ ಓಣಿಯಿಂದ ಒಂದು ಲಾರಿ ತುಂಬ ಹೋದೆವು. ತಲೆಗೊಂದು ರಟ್ಟಿನ ಶಿರಸ್ತ್ರಾಣ, ಕೈಗೆ ಬೆಳ್ಳಿ ಕಾಗದ ಸುತ್ತಿದ ಬಿದಿರಿನ ಈಟಿ ಕೊಟ್ಟರು. ಸೀಟಿ ಊದಿದ ಕೂಡಲೇ ಕೂಗುತ್ತ ಮುಂದಕ್ಕೆ ಓಡಬೇಕು, ಅಷ್ಟೇ ನಮ್ಮ ಅಭಿನಯ. ಸೀಟಿ ಊದಿದರು. ನಾಲ್ಕು ಹೆಜ್ಜೆ ಓಡಿದೆ. ಎದುರಿನಿಂದ ಕುದುರೆಗಳು ಬಂದವು. ಅವು ನಿಜವಾದ ಕುದುರೆಗಳು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿಯವರೆಗೆ ನಾನು ಕುದುರೆಯನ್ನು ಟಾಂಗಾಕ್ಕೆ ಕಟ್ಟಿದ್ದನ್ನಷ್ಟೇ ಕಂಡವನು. ತಿರುಗಿದೆ. ಹಂಪಿ ಬಜಾರಿನ ಮಿರ್ಚಿ ಬಂಡಿ ಸಿಗುವವರೆಗೆ ನಿಲ್ಲಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಒಬ್ಬನೇ ಹೋಗಿ ನೋಡಿದೆ. ಯುದ್ಧದ ದೃಶ್ಯದಲ್ಲಿ ಇಡೀ ಸೈನ್ಯ ಮುಂದಕ್ಕೆ ಓಡುತ್ತಿದೆ, ಪರದೆಯ ಎಡಮೂಲೆಯಲ್ಲಿ ಒಬ್ಬನೇ ಒಬ್ಬ ಸೈನಿಕ ಹಿಂದಕ್ಕೆ ಓಡುತ್ತಿದ್ದಾನೆ! ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು, ಆದರೆ ಅದು ನಾನೇ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಅದೃಷ್ಟಕ್ಕೆ ಸಿನಿಮಾ ಒಂದೇ ವಾರಕ್ಕೆ ಡಬ್ಬ ಸೇರಿತು, ಕಂಪ್ಲಿಗೆ ಬರಲೇ ಇಲ್ಲ. ಆ ಧೈರ್ಯದ ಮೇಲೆಯೇ ನಾನು ಕಂಪ್ಲಿಗೆ ಹೆಣ್ಣು ನೋಡಲು ಹೋದಾಗ ಬಾಯಿ ಬಿಟ್ಟದ್ದು. ಗಿರಿಜಾಳ ತಂದೆಗೆ ಅಲ್ಲಿ ಅಕ್ಕಿ ಗಿರಣಿ. ಮಾತು ಕಡಿಮೆ. ಉಪ್ಪಿಟ್ಟಿನ ತಟ್ಟೆ ಖಾಲಿಯಾದ ಮೇಲೆ, "ತಾಡಪತ್ರಿ ಬಿಟ್ಟು ಬ್ಯಾರೆ ಏನರ ಮಾಡೀರೇನು?" ಎಂದು ಕೇಳಿದರು. "ಸಿನಿಮಾದಾಗ ಮಾಡೀನ್ರಿ" ಎಂದೆ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ತಲೆ ಎತ್ತಿದಳು. ಆ ಕಣ್ಣುಗಳನ್ನು ನೋಡಿದ ಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಯುದ್ಧದ ಸೀನ್‌ನ್ಯಾಗ ಎಲ್ಲಾರಿಗಿಂತ ಮುಂದ ಈಟಿ ಹಿಡಕೊಂಡು ಓಡಾಂವ ನಾನ ಅದೀನಿ."

ಮದುವೆಯಾಯಿತು. ಡಬ್ಬ ಸೇರಿದ ಸಿನಿಮಾ ವರ್ಷಗಳ ಮೇಲೆ ಎದ್ದು ಬರುತ್ತದೆಂದು ಯಾರು ಎಣಿಸಿದ್ದರು? ಒಂದು ದಿನ ಖಾದರ್ ಭಾಯಿ ಓಡುತ್ತ ಬಂದು, "ಸಾವ್ಕಾರ್ರ, ನಿಮ್ಮ ಪಿಕ್ಚರ್ ಬಂತು! ಎರಡು ಡಿಸ್ಕ್! ಅಕ್ಕಾರು ಎಷ್ಟು ದಿನದಿಂದ ಕೇಳಾಕತ್ತಿದ್ರು!" ಎಂದರು. ನನ್ನ ಕೈಯಲ್ಲಿದ್ದ ಹಗ್ಗದ ಸುರುಳಿ ಕೆಳಗೆ ಬಿತ್ತು. ಟಾಕೀಸಿನಲ್ಲಾದರೆ ಎರಡು ಸೆಕೆಂಡು ಕಳೆದುಹೋಗುತ್ತದೆ. ಡಿಸ್ಕಿನಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಬೇಕಾದಷ್ಟು ಸಲ ನನ್ನನ್ನು ಓಡಿಸಬಹುದು. ಮೊದಲು ನಾನೇ ನೋಡುತ್ತೇನೆ ಎಂದು ಇಸಿದುಕೊಂಡೆ. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಎರಡನೇ ಡಿಸ್ಕ್ ತೊಡೆಯ ಮೇಲಿಟ್ಟು, ದಬ್ಬಣ ಕೈಗೆತ್ತಿಕೊಂಡೆ. ಯುದ್ಧ ಕೊನೆಯಲ್ಲಿ ಬರುತ್ತದೆ, ಸಿನಿಮಾ ಹೊರಗಿನಿಂದ ಒಳಕ್ಕೆ ಸುತ್ತಿರಬೇಕು ಎಂದು ಲೆಕ್ಕ ಹಾಕಿ ನಡುವಿನ ತೂತಿನ ಹತ್ತಿರ ಒಂದು ಗೀರು ಎಳೆದೆ. ಗಿರಿಜಾ ಗುಡಿಗೆ ಹೋದಾಗ ಹಾಕಿ ನೋಡಿದರೆ ನಾಯಕಿಯ ಹಾಡು ಮಾಯ, ಯುದ್ಧ ಹಾಗೇ ಇದೆ. ಡಿಸ್ಕು ಒಳಗಿನಿಂದ ಹೊರಕ್ಕೆ ಓಡುತ್ತದೆ ಎಂದು ನನಗೆ ಗೊತ್ತಾದದ್ದು ಹೀಗೆ. ಆ ಗಾಬರಿಯಲ್ಲೂ ಒಂದು ಕ್ಷಣ ಬೆರಗಾದೆ. ಆಮೇಲೆ ಅಂಚಿನಲ್ಲಿ ಇನ್ನೊಂದು ಗೀರು. ಈಗ ರಾಜ ಕತ್ತಿ ಎತ್ತುತ್ತಾನೆ, ಕುದುರೆ ಚೌಕ ಚೌಕ ಚೂರಾಗುತ್ತದೆ, ಟಕ್ ಟಕ್ ಎಂದು ಸದ್ದಾಗಿ ಸೀದಾ ಮದುವೆ ಮಂಟಪ ಬರುತ್ತದೆ. ಖಾದರ್ ಭಾಯಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಹೊಸಾ ಡಿಸ್ಕ್‌ನೂ ಬಿಡ್ಲಿಲ್ಲ ನೋಡ್ರಿ ಈ ಧೂಳು" ಎಂದರು. ನಾನೂ ಧೂಳಿಗೆ ಎರಡು ಮಾತು ಬೈದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಗಿರಿಜಾಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಂಪ್ಲಿಯಿಂದ ಬಂದ ಬಳಗದ ಮುಂದೆ ಡಿಸ್ಕ್ ಕೈಕೊಟ್ಟ ದಿನದಿಂದ ಅವಳು ಹಟಕ್ಕೆ ಬಿದ್ದಳು. ಸೀಗೆಕಾಯಿಯಲ್ಲಿ ತೊಳೆದಳು. ಹಲ್ಲುಪುಡಿ ಹಾಕಿ ಉಜ್ಜಿದಳು. ಬಾಳೆಹಣ್ಣಿನ ಸಿಪ್ಪೆ ಒಳ್ಳೆಯದೆಂದು ಯಾರೋ ಹೇಳಿದರು, ಅದೂ ಆಯಿತು. ಅಮಾವಾಸ್ಯೆಯ ದಿನ ಊರವರೆಲ್ಲ ಲಾರಿಗಳಿಗೆ ಪೂಜೆ ಮಾಡುವಾಗ ಇವಳು ಡಿಸ್ಕ್ ಪ್ಲೇಯರಿಗೆ ಪೂಜೆ ಮಾಡಿ ಮೂರು ಬೆರಳು ವಿಭೂತಿ ಎಳೆದಳು, ಡಿಸ್ಕಿಗೂ ಎಳೆದಳು, ಅದೂ ಹೊಳೆಯುವ ಬದಿಗೆ. "ಈ ಕಡೆ ಯಾಕ ಹಚ್ಚಿದಿ?" ಎಂದರೆ, "ಆ ಕಡೆ ಚಿತ್ರದಾಗ ರಾಜ ಚಪ್ಪಲಿ ಹಾಕ್ಯಾನ್ರಿ. ಚಪ್ಪಲಿ ಮ್ಯಾಲೆ ವಿಭೂತಿ ಹಚ್ಚಾಕ ಆಗತೈತೇನು?" ಎಂದಳು. ಅದಾದ ಮೇಲೆ ಮೂರು ದಿನ ಪ್ಲೇಯರು ಯಾವ ಸಿನಿಮಾವನ್ನೂ ತೋರಿಸಲಿಲ್ಲ. ಬೇರೆ ಯಾರೂ ಕೇಳದ ಆ ಡಿಸ್ಕನ್ನು ಖಾದರ್ ಭಾಯಿ ನಮಗೇ ಕೊಟ್ಟುಬಿಟ್ಟರು. ಗಿರಿಜಾ ವರ್ಷಗಟ್ಟಲೆ ಅದನ್ನು ಒರೆಸಿದಳು, ಹಾಕಿ ನೋಡಿದಳು, ಮತ್ತೆ ಒರೆಸಿ ಎತ್ತಿಟ್ಟಳು. ನೋಡಿದಾಗಲೆಲ್ಲ ಹೇಳಿಬಿಡೋಣ ಅನ್ನಿಸುತ್ತಿತ್ತು. ಆದರೆ ಅವಳು ಅಷ್ಟು ಹೊತ್ತಿಗೆ ಇಡೀ ಕಂಪ್ಲಿಗೆ ಗಂಡನ ಶೌರ್ಯ ಹೇಳಿ ಮುಗಿಸಿದ್ದಳು.

ಒಂದು ಭಾನುವಾರ ಅವಳ ತಮ್ಮ ಮಹಾಂತೇಶ ಬಂದ. ಕುರೆಕುಪ್ಪದಲ್ಲಿ ಮನೆ, ಉಕ್ಕಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸ. ಲ್ಯಾಪ್‌ಟಾಪ್ ತೆರೆದು, ಹೆಬ್ಬೆರಳಿನಷ್ಟು ಉದ್ದದ ಡೇಟಾ ಕಾರ್ಡ್ ಸಿಕ್ಕಿಸಿ, "ಅಕ್ಕಾ, ಡಿಸ್ಕು ಗಿಸ್ಕು ಎಲ್ಲಾ ಮುಗೀತು. ಮಾಮಾನ ಪಿಕ್ಚರ್ ನೆಟ್‌ನ್ಯಾಗ ಐತಿ. ಯಾರೋ ಹಾಕ್ಯಾರ" ಎಂದ. ಡಿಸ್ಕ್ ಎಲ್ಲಿ ಹಾಕುತ್ತಾನೆಂದು ನಾನು ಲ್ಯಾಪ್‌ಟಾಪಿನ ಸುತ್ತ ನೋಡಿದೆ. ಅವನು ಏನನ್ನೂ ಹಾಕಲಿಲ್ಲ. ಆದರೂ ಪರದೆಯ ಮೇಲೆ ನಮ್ಮ ಹಂಪಿ ಬಂತು! ಎಲ್ಲಿಂದ ಬಂತು? "ಗಾಳ್ಯಾಗಿಂದ, ಮಾಮಾ" ಎಂದ. ಹೊಸಪೇಟೆಯ ಗಾಳಿ ನನಗೆ ಗೊತ್ತು, ಅದರಲ್ಲಿ ಉಸಿರಾಡುವುದೇ ಕಷ್ಟ. ಅಷ್ಟು ಧೂಳಿನ ನಡುವೆ ತೂರಿಕೊಂಡು ಆನೆ, ಕುದುರೆ, ಏಳು ಹಾಡು ನಮ್ಮ ಪಡಸಾಲೆಗೆ ಬಂದಿದ್ದವು, ಒಂದು ಗೀರೂ ಆಗದೆ. ನನಗೆ ಕೈ ಮುಗಿಯಬೇಕು ಅನ್ನಿಸಿತು. ಮರುಕ್ಷಣ ಯುದ್ಧದ ದೃಶ್ಯ ನೆನಪಾಯಿತು. ದಬ್ಬಣ ಹಿಡಿದುಕೊಂಡು ಈಗ ಎಲ್ಲಿ ಗೀರಲಿ?

ಸಿನಿಮಾವನ್ನು ಹತ್ತತ್ತು ನಿಮಿಷದ ತುಂಡು ಮಾಡಿ ಹಾಕಿದ್ದರು, ಯುದ್ಧ ಹನ್ನೆರಡನೆಯದರಲ್ಲಿ. ಗಿರಿಜಾ "ತಡಿ, ತಡಿ" ಎಂದು ಒಳಗೆ ಹೋದಳು. ಬಂದಾಗ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದಳು. ನಾನು ಮನಸ್ಸಿನಲ್ಲೇ ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ನಮ್ಮೂರಿನ ಕರೆಂಟು, ಬೇಡಿಕೊಳ್ಳಬೇಕಾಗಿಯೇ ಇರಲಿಲ್ಲ, ಹೋಯಿತು. ಫ್ಯಾನ್ ನಿಂತಿತು. ಸಿನಿಮಾ ನಿಲ್ಲಲಿಲ್ಲ. ಲ್ಯಾಪ್‌ಟಾಪಿಗೆ ಹೊಟ್ಟೆಯೊಳಗೇ ಬ್ಯಾಟರಿ ಇದೆಯಂತೆ. ರಾಜ ಕತ್ತಿ ಎತ್ತಿದ. ಅಷ್ಟರಲ್ಲಿ ಚಿತ್ರ ತಾನಾಗಿಯೇ ನಿಂತು, ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. "ಬರತೈತಿ, ಒಂಚೂರು ತಡೀರಿ" ಎಂದ ಮಹಾಂತೇಶ. ಚಕ್ರ ತಿರುಗಿತು. ಗಿರಿಜಾ ಎರಡೂ ಕೈ ಮಡಿಲಲ್ಲಿಟ್ಟು, ರೇಷ್ಮೆ ಸೀರೆಯಲ್ಲಿ ಬೆವರುತ್ತ, ಆ ಚಕ್ರವನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಗಿರಿಜಾ, ನಾ ಮುಂದಕ್ಕ ಓಡ್ಲಿಲ್ಲ" ಎಂದೆ. "ಕುದುರಿ ನೋಡಿ ಹೆದರಿ ಹಿಂದಕ್ಕ ಓಡಿದೆ. ಎಡಕ್ಕ ಮೂಲ್ಯಾಗ ಒಬ್ಬಾಂವ ಹಿಂದಕ್ಕ ಓಡತಾನ, ಅಂವ ನಾನ. ಆ ಡಿಸ್ಕಿಗೆ ದಬ್ಬಣದಿಂದ ಗೀರಿದ್ದೂ ನಾನ."

ಓಡಿದ್ದಕ್ಕೆ ಅವಳು ಏನೂ ಅನ್ನಲಿಲ್ಲ. ದಬ್ಬಣ ಎಂದ ಕೂಡಲೇ ಮುಖ ಕೆಂಪಾಯಿತು. "ಎಷ್ಟು ಸರ್ತಿ ತೊಳದೀನಿ ಅದನ್ನ! ಸೀಗೀಕಾಯಿ ಮುಗಿಸೀನಿ! ಮುಂದ ಕುಂತು ನೋಡಿದ್ರಲ್ಲ, ಬ್ಯಾಡ ಬಿಡು ಅನ್ನಾಕ ಬಾಯಿ ಬರ್ಲಿಲ್ಲೇನು?" ಎಂದಳು. ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಚಕ್ರ ಮಾಯವಾಗಿ ಸೈನ್ಯ ಓಡತೊಡಗಿತು, ಎಡಮೂಲೆಯಲ್ಲಿ ಒಬ್ಬ ಹಿಂದಕ್ಕೆ ಓಡಿದ. ಮಹಾಂತೇಶ ಟಪ್ಪನೆ ನಿಲ್ಲಿಸಿದ. ಮೂವರೂ ಬಗ್ಗಿ ನೋಡಿದೆವು.

"ಇವರಲ್ಲ ಬಿಡು" ಎಂದಳು ಗಿರಿಜಾ ಕಣ್ಣು ಒರೆಸಿಕೊಂಡು. "ಇಂವನ ಹೊಟ್ಟಿ ನೋಡು."

ನಿಜ. ರಟ್ಟಿನ ಕವಚದೊಳಗೆ ಹಿಡಿಸದೆ ಹೊರಗೆ ಬಂದಿದ್ದ ಹೊಟ್ಟೆ. ನಾನು ಆಗ ಬಿದಿರಿನ ಈಟಿಗಿಂತ ತೆಳ್ಳಗಿದ್ದೆ. ಹಿಂದಕ್ಕೆ ಓಡಿದವರು ಇನ್ನೂ ಒಬ್ಬರಿದ್ದರು ಎಂಬುದು ಅಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ. ಹೆಸರೂ ಗೊತ್ತಿಲ್ಲದ ಯಾವನದೋ ಮಾನ ಕಾಪಾಡಲು ನಾನು ದಬ್ಬಣ ಹಿಡಿದಿದ್ದೆ. ಮಹಾಂತೇಶ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಹುಡುಕಿ, "ಹಂಗಾರ ನೀವು ಎಲ್ಲಿ ಅದೀರಿ, ಮಾಮಾ?" ಎಂದು ಕೇಳಿದ.

ಮರುದಿನ ಗಿರಿಜಾ ನನ್ನನ್ನು ಖಾದರ್ ಭಾಯಿಯ ಹತ್ತಿರ ತಪ್ಪೊಪ್ಪಿಕೊಳ್ಳಲು ಕಳಿಸಿದಳು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ರೀಚಾರ್ಜೇ ಹೆಚ್ಚು. ಹಳೆಯ ಡಿಸ್ಕುಗಳನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದರು. ಕಂಪ್ಲಿಯ ಗದ್ದೆಯವರು ಹಕ್ಕಿ ಬೆದರಿಸಲು ಒಯ್ಯುತ್ತಾರಂತೆ. ನನ್ನ ಕಥೆ ಕೇಳಿ ನಕ್ಕರು. "ಹೋಗ್ಲಿ ಬಿಡ್ರಿ ಸಾವ್ಕಾರ್ರ" ಎಂದರು. ಆಮೇಲೆ ಇನ್ನೊಂದು ಡಿಸ್ಕ್ ಪೋಣಿಸಿ, "ಗಾಳ್ಯಾಗ ಬರತೈತಿ ಅಂತೀರಿ. ಅದರ ಅಂಗಡಿ ಎಲ್ಲಿ ಐತ್ರಿ?" ಎಂದು ಕೇಳಿದರು. ಇಬ್ಬರೂ ಆಕಾಶ ನೋಡಿದೆವು.

ಈಗ ಮಹಾಂತೇಶ ಬಂದಾಗಲೆಲ್ಲ ಗಿರಿಜಾ ಹನ್ನೆರಡನೇ ತುಂಡು ಹಾಕಿಸುತ್ತಾಳೆ. ಒಂದೊಂದು ಮುಖಕ್ಕೂ ನಿಲ್ಲಿಸಿ ನನ್ನನ್ನು ಹುಡುಕುತ್ತಾಳೆ. ಮುಂದೆ ಇನ್ನೂ ಸ್ವಚ್ಛ ಚಿತ್ರ ಬರುತ್ತದಂತೆ. ಟಿವಿಯಲ್ಲೇ, ಅಂಗೈಯಗಲದ ಫೋನಿನಲ್ಲೇ, ಬೇಕೆಂದ ಸಿನಿಮಾ ಬೇಕೆಂದಾಗ ಬಂದು ನಿಲ್ಲುತ್ತದಂತೆ, ಸೈನಿಕರ ಹಣೆಯ ಬೆವರೂ ಕಾಣುತ್ತದಂತೆ. ಕೇಳಿ ನನಗೆ ಮೈ ಜುಮ್ಮೆನ್ನುತ್ತದೆ. ಮೊದಲು ನಾನು ಕಂಡುಬಿಡುತ್ತೇನೆಂದು ಹೆದರುತ್ತಿದ್ದೆ. ಈಗ, ಕೊನೆಯ ಸೈನಿಕನವರೆಗೆ ಎಲ್ಲರೂ ಸ್ಪಷ್ಟವಾಗಿ ಕಂಡು, ನಾನೊಬ್ಬನೇ ಎಲ್ಲೂ ಇಲ್ಲ ಎಂದು ಖಾತ್ರಿಯಾಗಿಬಿಟ್ಟರೆ ಎಂಬ ಹೆದರಿಕೆ. ಹೋದ ಭಾನುವಾರ ಗಿರಿಜಾ ಹುಡುಕಿ ಸಾಕಾಗಿ, "ನೀವು ಶೂಟಿಂಗಿಗೆ ಹೋಗಿದ್ದು ಖರೇನ ಏನ್ರಿ?" ಎಂದು ಕೇಳಿದಳು. ಪರದೆಯ ಎಡಮೂಲೆಯಲ್ಲಿ ಆ ಮನುಷ್ಯ ಇನ್ನೊಮ್ಮೆ ಹಿಂದಕ್ಕೆ ಓಡುತ್ತಿದ್ದ. ನಾನು ಅವನ ಕಡೆ ಬೆರಳು ತೋರಿಸಿ, "ಇನ್ನೊಮ್ಮೆ ನೋಡು, ಗಿರಿಜಾ" ಎಂದೆ. "ಆಗ ನನಗೂ ಒಂಚೂರು ಹೊಟ್ಟಿ ಇತ್ತು."