ಡೆನ್ಮಾರ್ಕಿನ ಕ್ಯಾಮೆರಾದವರೂ ನಮ್ಮ ಊರಿನ ಬೆಳಕೂ

ಕ್ಯಾಮೆರಾ ಹೆಗಲೇರಿದ ದಿನ ಏನಾದರೊಂದು ಫಜೀತಿ ಆಗದೆ ನಾನು ಮನೆಗೆ ಬಂದದ್ದಿಲ್ಲ. ಉಡುಪಿಯಲ್ಲಿ ಇಪ್ಪತ್ತು ವರ್ಷದಿಂದ ಮದುವೆ ವಿಡಿಯೋ ಮಾಡುವವನು ನಾನು. ಕಳೆದ ವರ್ಷ ಡೆನ್ಮಾರ್ಕಿನಿಂದ ದೊಡ್ಡ ಛಾಯಾಗ್ರಾಹಕರೊಬ್ಬರು ಬಂದಾಗ ಅವರಿಗೆ ಸಹಾಯಕನೂ ದುಭಾಷಿಯೂ ಆದೆ. ನಲವತ್ತು ವರ್ಷ ಸಿನಿಮಾ ತೆಗೆದವರು, ಮನೆ ತುಂಬ ಪ್ರಶಸ್ತಿ. ದುಡಿಯುವ ಕೈಗಳ ಬಗ್ಗೆ ಇದೊಂದು ಚಿತ್ರ ಮುಗಿಸಿ ನಿವೃತ್ತಿ ಎಂದಿದ್ದರು. ಅವರದ್ದು ಒಂದೇ ಹಟ: ಲೈಟು ಹಾಕುವಂತಿಲ್ಲ, ದೇವರು ಕೊಟ್ಟ ಬೆಳಕೇ ಸಾಕು. ನಾನೋ, ಲೈಟು ಹಾಕದೆ ಧಾರೆ ಎರೆಯಲು ಬಿಟ್ಟವನೇ ಅಲ್ಲ.

ಕಾಪು

ಕಡಲ ಬದಿಯಲ್ಲಿ ಮೀನುಗಾರರು ಕೈರಂಪಣಿ ಬಲೆ ಎಳೆಯುತ್ತಿದ್ದರು. ಕ್ಯಾಮೆರಾ ಕಂಡದ್ದೇ ತಡ, ಅಷ್ಟೂ ಜನ ಹಗ್ಗ ಹಿಡಿದು ಅಲುಗದೆ ನಿಂತರು.

“ಎಳೆಯಿರಿ ಮಾರಾಯ್ರೇ!” ಎಂದೆ.

“ಎಂತ ಹೇಳುವುದು ನೀವು? ಎಳೆದರೆ ಫೋಟೋ ಕೆಡುವುದಿಲ್ವಾ?” ಎಂದರು ಹಿರಿಯರೊಬ್ಬರು, ತುಟಿಯನ್ನೂ ಅಲುಗಿಸದೆ.

ಕಾರ್ಕಳ

ಇಲ್ಲಿ ಹಪ್ಪಳ ಮಾಡುವ ಅಕ್ಕನ ಅಂಗಳ. ಬಿಸಿಲು ತೀರಾ ಚುರುಕಾಯಿತೆಂದು ನಮ್ಮ ಡೆನ್ಮಾರ್ಕಿನವರು ಕಾದು ಕುಳಿತರು. ಒಂದು ಗಂಟೆಯಾಯಿತು, ಎರಡಾಯಿತು.

“ಇವರು ಎಂತಕ್ಕೆ ಕಾಯುವುದು?” ಅಕ್ಕ ಕೇಳಿದರು.

“ಮೋಡ ಬರಬೇಕಂತೆ.”

“ಹಾಗಾದರೆ ಪಕ್ಕದ ಮನೆಯಲ್ಲಿ ಕಾಯಲಿ. ನನ್ನ ಹಪ್ಪಳ ಇನ್ನೂ ಒಣಗಲಿಲ್ಲ!”

ಶಂಕರಪುರ

ಎರಡೂ ಕಡೆ ಕೆಲಸ ಕೆಟ್ಟಿತ್ತು. ಇನ್ನು ಉಳಿದದ್ದು ಒಂದೇ ದಿನ, ಮಲ್ಲಿಗೆ ಕಟ್ಟುವ ಅಜ್ಜಿಯ ಮನೆ. ಹಿಂದಿನ ದಿನ ನೋಡಲು ಹೋದಾಗ ಕಿಟಕಿಯ ಬೆಳಕು ಅಜ್ಜಿಯ ಬೆರಳ ಮೇಲೆ ಬಿದ್ದದ್ದು ಕಂಡು ಇವರ ಕಣ್ಣು ತುಂಬಿತ್ತು. ಅಜ್ಜಿ ಗಾಬರಿಯಾದರು. “ಅವರ ಊರಲ್ಲಿ ಚಳಿಗಾಲಕ್ಕೆ ಮೂರೂವರೆಗೇ ಕತ್ತಲೆ ಅಜ್ಜಿ. ಬೆಳಕೆಂದರೆ ಅವರಿಗೆ ಪ್ರಾಣ” ಎಂದು ನಾನು ಸಮಾಧಾನ ಹೇಳಿದ್ದೆ.

ಮರುದಿನ ಬೆಳಿಗ್ಗೆ ಹೋದರೆ ಅದೇ ಕೋಣೆಯಲ್ಲಿ ಆರು ಹೊಸ ಎಲ್‌ಇಡಿ ಬಲ್ಬು ಝಗಝಗ!

“ಪಾಪ, ಅವರಿಗಾಗಿಯೇ ಹಾಕಿಸಿದ್ದು” ಎಂದರು ಅಜ್ಜಿ.

ಡೆನ್ಮಾರ್ಕಿನವರ ಮುಖ ಬಾಡಿತು. ಆರಿಸಿ ಎನ್ನಲು ನನಗೂ ಬಾಯಿ ಬರಲಿಲ್ಲ. ಮೆಲ್ಲನೆ ಹೊರಗೆ ಹೋಗಿ ಮೈನ್ ಸ್ವಿಚ್ ಇಳಿಸಿದೆ. “ಹಾಳಾದ ಕರೆಂಟು!” ಎಂದು ಬೈದರೂ ಅಜ್ಜಿಯ ಬೆರಳು ನಿಲ್ಲಲಿಲ್ಲ, ಹೂ ಒಯ್ಯುವವರು ಬರುವ ಹೊತ್ತಾಗಿತ್ತು. ಕಿಟಕಿಯ ಬೆಳಕಿನಲ್ಲೇ ಚಿತ್ರೀಕರಣ ಮುಗಿಯಿತು. ಅಷ್ಟು ಚೆಂದದ್ದನ್ನು ನಾನು ಈ ಕಸುಬಿನಲ್ಲಿ ಕಂಡೇ ಇರಲಿಲ್ಲ.

ಹೊರಡುವಾಗ ಅಜ್ಜಿ ಒಂದು ಬಲ್ಬು ಕಳಚಿ ಅವರ ಕೈಗಿಟ್ಟರು. ಊರು ಸೇರಿದ ಮೇಲೆ ಅವರು ಅದನ್ನು ತಮ್ಮ ಪ್ರಶಸ್ತಿಗಳ ನಟ್ಟನಡುವೆ ಇಟ್ಟು ಫೋಟೋ ಕಳಿಸಿದರು. ಓಡಿ ಹೋಗಿ ತೋರಿಸಿದೆ.

ಅಜ್ಜಿ ಕನ್ನಡಕ ಏರಿಸಿ ನೋಡಿ ನಿಟ್ಟುಸಿರುಬಿಟ್ಟರು: “ಉರಿಯುವುದೇ ಇಲ್ಲವಲ್ಲ ಮಗಾ! ಅಲ್ಲಿ ಕರೆಂಟೂ ಇಲ್ವಾ?”