ಹೆಂಡತಿಯ ಕಣ್ಣಿಗೆ ಲೇಸರ್

ಹೆದರಿದವರಿಗೆ ಧೈರ್ಯ ಹೇಳುವುದರಲ್ಲಿ ನಾನು ಎತ್ತಿದ ಕೈ. ಅದಕ್ಕೆ ಬೇಕಾದ ಅರ್ಹತೆ ಒಂದೇ: ಆಪತ್ತು ಬೇರೆಯವರದಾಗಿರಬೇಕು. ಸಹೋದ್ಯೋಗಿಯ ವರ್ಗಾವಣೆಗೆ, ಪಕ್ಕದ ಮನೆಯವರ ಹಲ್ಲು ಕೀಳಿಸುವುದಕ್ಕೆ, ಕಡೆಗೆ ಹೆರಿಗೆಗೆ ಹೊರಟ ಹೆಣ್ಣುಮಕ್ಕಳಿಗೂ ನಾನು ಧೈರ್ಯ ಹೇಳಿದ್ದುಂಟು. ಹೀಗಾಗಿ ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ, ನನ್ನ ಹೆಂಡತಿ ಶಾರದಾಳ ಕಣ್ಣಿಗೆ ಲೇಸರ್ ಮಾಡಬೇಕು ಎಂದು ರಾಯಚೂರಿನ ಡಾಕ್ಟರು ಹೇಳಿದಾಗ, ಆ ಹೊಣೆ ತಾನಾಗಿಯೇ ನನ್ನ ಹೆಗಲಿಗೆ ಬಿತ್ತು.

ಆಗ ನಾವು ಮಸ್ಕಿಯಲ್ಲಿದ್ದೆವು. ಅವಳು ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಾನು ದಿನಾ ಬಸ್ಸು ಹತ್ತಿ ಸಿಂಧನೂರಿನ ನೀರಾವರಿ ಕಚೇರಿಗೆ ಹೋಗಿಬರುವ ಗುಮಾಸ್ತ. ಶಾರದಾಳ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ನೆಚ್ಚಿಕೊಂಡಿದ್ದ ಬಲಗಣ್ಣಿನ ಪೊರೆ ತೆಗೆಸಿ, ಒಳಗೆ ಲೆನ್ಸು ಕೂರಿಸಿ ವರ್ಷ ತುಂಬುವುದರೊಳಗೆ ಅದಕ್ಕೆ ಮತ್ತೆ ಮಂಜು ಕವಿಯಿತು. ಬೋರ್ಡಿನ ಮೇಲೆ ತಾನೇ ಬರೆದ ಲೆಕ್ಕ ತನಗೇ ಕಾಣದೆ, ಮಕ್ಕಳು ಹೇಳಿದ ಉತ್ತರಕ್ಕೆಲ್ಲ ‘ಸರಿ’ ಅನ್ನತೊಡಗಿದ್ದಳು. ಲೆನ್ಸಿನ ಹಿಂದಿನ ತೆಳುಪದರ ಮಬ್ಬಾಗಿದೆ, ಲೇಸರಿನಿಂದ ಅದಕ್ಕೊಂದು ಕಿಂಡಿ ಮಾಡಿದರೆ ಸಾಕು ಎಂದಿದ್ದರು ಡಾಕ್ಟರು.

ಲೇಸರ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಖಾಜಾಸಾಬನನ್ನು ಗುಟ್ಟಾಗಿ ಕೇಳಿದೆ.

“ಬೆಳಕಿನಿಂದ ಕೊಯ್ಯೂದ್ರೀ ಸಾಹೇಬ್ರ. ಕಬ್ಬಿಣಾನ ಬೆಣ್ಣಿ ಕೊಯ್ದಂಗ ಕೊಯ್ತೈತಂತ,” ಎಂದ.

“ಮತ್ತ ಕಣ್ಣು?”

ಅವನು ಸ್ವಲ್ಪ ಯೋಚಿಸಿದ. “ಕಣ್ಣು ಕಬ್ಬಿಣಕ್ಕಿಂತ ಮೆತ್ತಗೈತಲ್ರೀ,” ಎಂದ.

ಹದಿನೈದು ದಿನದ ರಜೆ ಬರೆದುಕೊಟ್ಟೆ. ಹಾಸಿಗೆ, ಫ್ಲಾಸ್ಕು, ಬ್ರೆಡ್ಡು, ಹಳೆಯ ಧೋತರ ಹರಿದ ಪಟ್ಟಿಗಳು, ಎಲ್ಲವನ್ನೂ ಗಂಟು ಕಟ್ಟಿದೆ.

“ಸಂಜೀಗೇ ಮನಿಗೆ ಹೋಗಬಹುದು ಅಂದಾರಲ್ರೀ ಡಾಕ್ಟರು,” ಎಂದಳು ಶಾರದಾ.

“ಅವರು ಹಂಗ ಅಂತಾರ. ರೋಗಿ ಮುಂದ ಎಲ್ಲಾ ಹೇಳೂದಿಲ್ಲ,” ಎಂದೆ.

ರಾಯಚೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮುಂಗೈ ಹಿಡಿದೇ ಕೂತಿದ್ದಳು. ಧೈರ್ಯ ಹೇಳುತ್ತ ಹೇಳುತ್ತ ಅವಳನ್ನು ಎಷ್ಟು ಹೆದರಿಸಿದ್ದೆ ಎಂಬುದು ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಬಿಟ್ಟು, ಪಾಪೆ ಅಗಲವಾಗಲಿ ಎಂದು ಅರ್ಧ ಗಂಟೆ ಕೂರಿಸಿದರು. ಆಮೇಲೆ ಕತ್ತಲೆಯ ಕೋಣೆಗೆ ಕರೆದರು. ನನಗೂ ಬಾಗಿಲ ಹತ್ತಿರ ನಿಲ್ಲಲು ಅಪ್ಪಣೆಯಾಯಿತು. ಶಾರದಾ ಯಂತ್ರದ ಮುಂದೆ ಗದ್ದ ಊರಿ ಕೂತಳು. ಹಿಂದಿನಿಂದ ತಲೆಗೊಂದು ಪಟ್ಟಿ ಹಾಕಿದರು.

“ಟೀಚರ್ರೇ, ಕೆಂಪು ದೀಪ ನೋಡ್ರಿ. ಟಕ್ ಟಕ್ ಅಂತ ಸಪ್ಪಳ ಬರ್ತದ, ನೋವಾಗಂಗಿಲ್ಲ. ಅಲ್ಲಾಡಬ್ಯಾಡ್ರಿ,” ಎಂದರು ಡಾಕ್ಟರು.

ಟಕ್. ಶಾರದಾಳ ಮುಷ್ಟಿ ಸೆರಗನ್ನು ಬಿಗಿಯಾಗಿ ಹಿಡಿಯಿತು. ಟಕ್. ಖಾಜಾಸಾಬನ ಅಂಗಡಿಯ ಕಿಡಿಗಳು ನನ್ನ ಕಣ್ಣ ಮುಂದೆ ಹಾರಿದವು. ಟಕ್. ಇವಳ ಕಣ್ಣು ಬೆಣ್ಣೆಯಾಯಿತು ಎಂದುಕೊಂಡೆ. ನಾಲ್ಕನೆಯದು ಕೇಳಿಸಿತೋ ಇಲ್ಲವೋ, ನೆಲವೇ ಎದ್ದು ಬಂದು ನನ್ನ ಹಣೆಗೆ ಬಡಿಯಿತು.

ಎಚ್ಚರವಾದಾಗ ಬೆಂಚಿನ ಮೇಲಿದ್ದೆ. ಶಾರದಾ ಗಾಳಿ ಹಾಕುತ್ತಿದ್ದಳು. ಅವಳ ಮುಖದ ಮೇಲೆ ಒಂದು ಎಳೆ ಹತ್ತಿಯೂ ಇರಲಿಲ್ಲ. ಸ್ಟೂಲಿನ ಮೂಲೆ ತಾಗಿ ಒಡೆದ ನನ್ನ ತಲೆಗೆ ಮೂರು ಹೊಲಿಗೆ ಹಾಕಿ, ನರ್ಸು ಕಿವಿಯವರೆಗೂ ಬ್ಯಾಂಡೇಜು ಸುತ್ತಿದ್ದಳು.

“ನಿಂದು ಯಾವಾಗ?” ಎಂದೆ.

“ಆತಲ್ರೀ. ಐದ ನಿಮಿಷನೂ ಹಿಡೀಲಿಲ್ಲ. ನಿಮ್ದ ತಡಾ ಆತು.”

ಆಘಾತವೆಂದರೆ ಅದು. ಒಂದು ತೊಟ್ಟು ರಕ್ತವಿಲ್ಲ, ನೋವಿಲ್ಲ, ಪಟ್ಟಿಯಿಲ್ಲ. ಹನಿಯ ದೆಸೆಯಿಂದ ಸಂಜೆಯವರೆಗೆ ಬಿಸಿಲು ಚುಚ್ಚುತ್ತದೆ, ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಜನ ಎದ್ದು ಸೀಟು ಕೊಟ್ಟದ್ದು ನನಗೆ. ಮರುದಿನ ಬೆಳಿಗ್ಗೆ ಶಾರದಾ ಒಲೆಯ ಮುಂದೆ ನಿಂತೇ ಪಡಸಾಲೆಯ ಕ್ಯಾಲೆಂಡರಿನ ತಾರೀಖುಗಳನ್ನು ಒಂದೊಂದಾಗಿ ಓದಿದಳು. ಓದಿ ಮುಗಿಸಿ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೋಡಲು ಬಂದವರೆಲ್ಲ ನನ್ನ ಹತ್ತಿರವೇ ಬಂದರು. ಖಾಜಾಸಾಬ ನನ್ನ ತಲೆಯನ್ನು ಸುತ್ತ ನೋಡಿ, “ಅಮ್ಮಾರ ಕಣ್ಣಿಗೆ ಬಿಟ್ಟದ್ದು ಹಾದು ಬಂದು ನಿಮಗ ಬಡೀತೇನ್ರೀ?” ಎಂದ. ಮೂರ್ಛೆ ಹೋದೆ ಎನ್ನುವುದಕ್ಕಿಂತ ಇದು ಗೌರವದ ವಿವರಣೆಯಾಗಿ ಕಂಡಿತು. ‘ಹೂಂ’ ಅಂದುಬಿಟ್ಟೆ.

ಆ ‘ಹೂಂ’ ನೆಟ್ಟಗೆ ಲಿಂಗಸೂಗೂರಿಗೆ ತಲುಪಿತು. ಅಲ್ಲಿಂದ ಶಾರದಾಳ ದೊಡ್ಡಪ್ಪ ಬಾಳೆಹಣ್ಣು ಹಿಡಿದು ಬಂದರು. ಅವರ ಕಣ್ಣಿಗೂ ಇದೇ ಲೇಸರ್ ಆಗಬೇಕಿತ್ತು. ನನ್ನ ತಲೆ ನೋಡುತ್ತ ಬಹಳ ಹೊತ್ತು ನಿಂತು, “ಈ ಶಿಕ್ಷೆ ನನಗ ಬ್ಯಾಡವಾ. ಇದ್ದಷ್ಟು ದಿನ ಕುರುಡಾಗೇ ಇರ್ತೀನಿ,” ಎಂದರು.

ಶಾರದಾ ನನ್ನ ಕಡೆ ನೋಡಿದಳು. ಹಿಂದಿನ ವಾರವಾಗಿದ್ದರೆ ಆ ನೋಟದಿಂದ ತಪ್ಪಿಸಿಕೊಳ್ಳಬಹುದಿತ್ತು. ಬಂದವರೆಲ್ಲರ ಎದುರಿಗೆ ಒಪ್ಪಿಕೊಂಡೆ: ಬರೀ ಮೂರು ಸಲ ಟಕ್ ಅಂದದ್ದು ಕೇಳಿ ಬಿದ್ದೆ, ಅವಳು ಅಲುಗಲಿಲ್ಲ.

ದೊಡ್ಡಪ್ಪ ಒಂದು ಬಾಳೆಹಣ್ಣು ಸುಲಿದರು. “ಹಂಗಾರ ಸೋಮವಾರ ಹೋಗಾಣ, ಶಾರದಾ,” ಎಂದರು. “ಅಳಿಯಂದಿರು ಮನ್ಯಾಗ ಇರ್ಲಿ. ಒಮ್ಮಿಗೇ ಇಬ್ಬರನ್ನ ನೋಡಾಕ ಡಾಕ್ಟರಿಗೆ ಆಗಂಗಿಲ್ಲ.”

ಇಬ್ಬರೂ ಹೋಗಿ ಸಂಜೆಯೇ ಬಂದರು. ಮನೆಯಲ್ಲುಳಿದ ನನ್ನ ಪಾಲಿಗೆ ಬಂದಿದ್ದ ಅಡುಗೆ ಮರುದಿನವೂ ನನ್ನದೇ. ದೊಡ್ಡಪ್ಪ ಎರಡು ತುತ್ತು ಉಂಡು, ತಟ್ಟೆಗೆ ಬಗ್ಗಿ, ಅನ್ನದಿಂದ ಮೂರು ಕಲ್ಲುಹರಳು ಆರಿಸಿ ಸಾಲಾಗಿ ಇಟ್ಟರು.

“ಕಣ್ಣು ಛಲೋ ಬಂದೈತಿ, ನೋಡವಾ,” ಎಂದರು.