ಕಂಪ್ಯೂಟರಿನ ಹೊಟ್ಟೆಯೊಳಗಿನ ಕಂಪ್ಯೂಟರು

ನಮ್ಮ ಭಾವನ ಮನೆಯಲ್ಲಿ ಎರಡು ಕಂಪ್ಯೂಟರುಗಳಿವೆ. ನೀವು ಹೋಗಿ ಮನೆಯೆಲ್ಲ ತಡಕಿದರೂ ಕಣ್ಣಿಗೆ ಬೀಳುವುದು ಒಂದೇ. ಇನ್ನೊಂದೆಲ್ಲಿ ಅಂತ ಕೇಳಿದರೆ ಇದ್ದದ್ದರ ಮೇಲೇ ಬೆರಳಿಟ್ಟು, "ಇದರ ಹೊಟ್ಟೆ ಒಳಗದೆ" ಅನ್ನುತ್ತಾರೆ. ಮೊದಲ ಸಲ ಹಾಗಂದಾಗ ನಾನು ಹೋಗಿ ಅವರ ಬಿ.ಪಿ. ಮಾತ್ರೆಯ ಡಬ್ಬಿ ನೋಡಿಬಂದಿದ್ದೆ, ತಪ್ಪಿಸಿದ್ದಾರೇನೋ ಅಂತ!

ಭಾವ ಅಂದರೆ ನನ್ನ ಅಕ್ಕನ ಗಂಡ. ಗುಂಡ್ಲುಪೇಟೆಯವರು. ಟೆಲಿಫೋನ್ ಕಂಬ ಹತ್ತಿ ಇಳಿದೇ ರಿಟೈರ್ ಆದವರು. ಆಮೇಲೆ ಹತ್ತಲು ಕಂಬವಿಲ್ಲದೆ ಕಂಪ್ಯೂಟರು ಹಿಡಿದರು. ಅದೂ ಎಲ್ಲರಂತೆ ವಿಂಡೋಸ್ ಅಲ್ಲ, ಲಿನಕ್ಸ್. "ಬೇರೇವು ಕೆಟ್ರೆ ಸಾರಿ ಅಂತವೆ, ಇದು ಎಲ್ಲಿ ಕೆಟ್ಟದೆ ಅಂತ ಮೊಖಕ್ಕೇ ಹೇಳ್ತದೆ ಕಣಮ್ಮಿ" ಅನ್ನುವುದು ಅವರ ವಾದ. ಆದರೆ ಅಕ್ಕ ಕನ್ನಡ ಟೈಪ್ ಮಾಡಲು ಕಲಿತಿದ್ದು ಓಬೀರಾಯನ ಕಾಲದ ಒಂದು ಪ್ರೋಗ್ರಾಮಿನಲ್ಲಿ. ಅದು ಓಡುವುದು ಓಬೀರಾಯನ ಕಾಲದ ವಿಂಡೋಸಿನಲ್ಲಿ ಮಾತ್ರ. ಹೆಂಡತಿಗೋಸ್ಕರ ಭಾವ ತಮ್ಮ ಲಿನಕ್ಸಿನ ಒಳಗೇ ಒಂದು ಸುಳ್ಳು ಕಂಪ್ಯೂಟರು ಕಟ್ಟಿ, ಅದರಲ್ಲಿ ಆ ಹಳೇ ವಿಂಡೋಸನ್ನು ಕೂರಿಸಿದರು. ವರ್ಚುವಲ್ ಮೆಷೀನ್ ಅಂತ ಅದರ ಹೆಸರು. ನನ್ನ ಮಟ್ಟಿಗೆ ಅದು ಗಂಡನ ಮನೆಯೊಳಗೆ ಅಕ್ಕನಿಗೊಂದು ಪ್ರತ್ಯೇಕ ಅಡುಗೆಮನೆ.

ಅಲ್ಲಿ ಕೂತು ಅಕ್ಕ ನಮ್ಮ ಕಡೆಯ ಸೋಬಾನೆ ಪದಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅರ್ಧ ಪದದಲ್ಲಿ ಎದೆ ಹಿಡಿದುಕೊಂಡು ಎದ್ದಳು. ಮೈಸೂರಿನ ಆಸ್ಪತ್ರೆಯಿಂದ ವಾಪಸು ಬರಲಿಲ್ಲ.

ಅವತ್ತಿನಿಂದ ಭಾವ ಆ ಒಳಗಿನ ಮೆಷೀನನ್ನು ಶಟ್ ಡೌನ್ ಮಾಡಿಲ್ಲ. ಅವಳು ಬಿಟ್ಟ ಹಾಗೇ ಮಲಗಿಸುತ್ತಾರೆ, ಬೆಳಿಗ್ಗೆ ಎಬ್ಬಿಸಿ ಹತ್ತು ನಿಮಿಷ ನೋಡುತ್ತಾರೆ, ಮತ್ತೆ ಮಲಗಿಸುತ್ತಾರೆ. ಆ ಹತ್ತು ನಿಮಿಷ ಕರೆಂಟು ಹೋಗದಿರಲಿ ಅಂತ ಗ್ಯಾರೇಜಿನಿಂದ ಲಾರಿ ಬ್ಯಾಟರಿ ತಂದು ಮೇಜಿನ ಕೆಳಗಿಟ್ಟಿದ್ದಾರೆ. ಆ ಬ್ಯಾಟರಿಗೆ ಕೇರಳದವರೆಗೂ ಈರುಳ್ಳಿ ಲೋಡು ಎಳೆಯುವ ಶಕ್ತಿಯಿದೆ!

"ಫೈಲ್ ಸೇವ್ ಮಾಡಿ ಮುಚ್ಚಬಾರದಾ ಭಾವ?" ಅಂದೆ.

"ಅದು ಅವಳ ಕೆಲ್ಸ. ಅವಳು ಮಾಡ್ನಿಲ್ಲ, ನಾನ್ಯಾಕೆ ಮಾಡ್ಲಿ?"

"ಹೋಗಲಿ, ಸ್ಕ್ರೀನಿನ ಫೋಟೋ ಆದರೂ ತೆಗೆದಿಟ್ಟುಕೊಳ್ಳಿ."

"ಫೋಟೋದಲ್ಲಿ ಕರ್ಸರ್ ಮಿಟುಕ್ತದಾ?"

ಇದಕ್ಕೆ ನಾನು ಓದಿದ ಕಾನ್ವೆಂಟಿನಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಆ ಸ್ಕ್ರೀನನ್ನು ಇಣುಕಲೂ ನನ್ನನ್ನು ಬಿಡುತ್ತಿರಲಿಲ್ಲ ಅನ್ನಿ. "ನಿಂಗೆ ಅರ್ಥ ಆಗಾಕಿಲ್ಲ, ಕಾಫಿ ಮಾಡೋಗು" ಅನ್ನುವರು.

ರಿಪೇರಿಯಲ್ಲಿ ಭಾವನದು ಒಂದೇ ಪದ್ಧತಿ. ಕೈ ಹಾಕುವ ಮುಂಚೆ ದೂರು ಪೂರ್ತಿ ಕೇಳಬೇಕು, ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಒಂದು ಪ್ರಶ್ನೆ: "ಕೊನೇಗೆ ಏನ್ ಮಾಡುದ್ರಿ?" ಫೋನು ಕೆಟ್ಟಿತು ಅಂತ ಬರುವ ನೆರೆಹೊರೆಯವರೆಲ್ಲ ಹೇಳುವುದು ಒಂದೇ ಉತ್ತರ, "ಏನೂ ಮಾಡ್ನಿಲ್ಲ." ಆಗ ಭಾವ, "ಏನೂ ಮಾಡ್ದೆ ಕೆಡೋದು ಹಾಲು ಒಂದೇ" ಅಂತ ಕನ್ನಡಕ ಏರಿಸುತ್ತಾರೆ.

ಹೋದ ವರ್ಷ ಅವರ ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಕಣ್ಣಿಗೆ ಡ್ರಾಪ್ಸ್ ಹಾಕಲು ನಾನು ಚಾಮರಾಜನಗರದಿಂದ ಹೋಗಿ ಒಂದು ವಾರ ಉಳಿದೆ. ಭಾವ ಕಪ್ಪು ಕನ್ನಡಕದಲ್ಲಿ ವಿಲನ್ ಥರ ಮಲಗಿದ್ದರು. ನಾನು ಅವರ ಮೇಲ್ ಓದಿ ಹೇಳೋಣ ಅಂತ ಕಂಪ್ಯೂಟರಿನ ಮುಂದೆ ಕೂತೆ. ಆಗ ಒಂದು ಪೆಟ್ಟಿಗೆ ಬಂದು ಬಹಳ ಪೊಲೈಟಾಗಿ ಕೇಳಿತು: ಅಪ್‌ಡೇಟುಗಳಿವೆ, ಈಗ ಹಾಕಿಕೊಳ್ಳಲೇ? ಕಾನ್ವೆಂಟಿನ ನಮ್ಮ ಸಿಸ್ಟರುಗಳು ಏನು ಕಲಿಸಿದ್ದರು? ಯಾರಾದರೂ ನಯವಾಗಿ ಕೇಳಿದರೆ ನಯವಾಗಿ ಯೆಸ್ ಅನ್ನಬೇಕು. ಯೆಸ್ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಅದು ಅಕ್ಕನ ಹೆಸರು, ಅರ್ಧ ಗುಂಡ್ಲುಪೇಟೆಗೆ ಗೊತ್ತು, ಹಾಕಿದೆ. ರೀಸ್ಟಾರ್ಟ್ ಮಾಡಲೇ ಅಂತು. ಅದಕ್ಕೂ ಯೆಸ್. ಎಪ್ಪತ್ತೆರಡನೇ ವಯಸ್ಸಿನಲ್ಲಿ ನಾನೆಷ್ಟು ಮಾಡರ್ನ್ ಅಂತ ಬೀಗುತ್ತ ಹೋಗಿ ಉಪ್ಪಿಟ್ಟು ಕೆದಕಿದೆ.

ಮರುದಿನ ಬೆಳಿಗ್ಗೆ ಭಾವ ತಡವರಿಸುತ್ತ ಬಂದು ಒಳಗಿನ ಮೆಷೀನನ್ನು ಎಬ್ಬಿಸಿದರು. ಏಳಲಿಲ್ಲ.

"ಅದೇನ್ ಬರ್ದದೆ, ಓದಮ್ಮಿ."

"ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್," ಅಂತ ಎಲೊಕ್ಯೂಷನ್ ಕಾಂಪಿಟೀಷನ್ನಿನ ಉಚ್ಚಾರಣೆಯಲ್ಲಿ ಓದಿದೆ.

ಭಾವ ಮೆತ್ತಗೆ, "ನೆನ್ನೆ ಏನ್ ಮಾಡ್ದೆ?"

"ಏನೂ ಮಾಡಿಲ್ಲ ಭಾವ," ಅಂದೆ. ಅಂದ ಮೇಲೆ ಅಡುಗೆಮನೆಯಲ್ಲಿದ್ದ ಹಾಲಿನ ಮುಖ ನೋಡಲೂ ನಾಚಿಕೆಯಾಯಿತು.

ಆಗಿದ್ದಿಷ್ಟು. ಹೊರಗಿನ ಲಿನಕ್ಸಿಗೆ ನಾನು ಹೊಸ ಕರ್ನಲ್, ಅಂದರೆ ಹೊಸ ಪಾಯ, ಹಾಕಿಸಿಬಿಟ್ಟಿದ್ದೆ. ಒಳಗಿನ ಮೆಷೀನಿಗೆ ಹಳೇ ಪಾಯದ ಮೇಲೆ ಮಾತ್ರ ನಿಂತು ಅಭ್ಯಾಸ. ಎರಡು ದಿನ ಭಾವ ಕಣ್ಣು ಮುಚ್ಚಿಕೊಂಡು ಕಮ್ಯಾಂಡ್ ಹೇಳಿದರು, ನಾನು ಕಪ್ಪು ಪರದೆಯಲ್ಲಿ ಟೈಪ್ ಮಾಡಿದೆ. ಪ್ರತಿಯೊಂದಕ್ಕೂ ಅದು 'ಕಮ್ಯಾಂಡ್ ನಾಟ್ ಫೌಂಡ್' ಅನ್ನುತ್ತಿತ್ತು. ಕಡೆಗೆ ಗೊತ್ತಾದದ್ದು, ನಾನು ಪ್ರತಿ ಸಾಲನ್ನೂ ಕ್ಯಾಪಿಟಲ್ ಅಕ್ಷರದಿಂದ ಶುರುಮಾಡಿ ಕೊನೆಗೆ ಫುಲ್‌ಸ್ಟಾಪ್ ಇಡುತ್ತಿದ್ದೆ.

"ಚುಕ್ಕೆ ಬುಡು ತಾಯಿ," ಅಂದರು ಭಾವ.

"ಬಿಟ್ಟರೆ ಸಿಸ್ಟರ್ ಅರ್ಧ ಮಾರ್ಕು ಕಳೀತಿದ್ದರು ಭಾವ."

"ಇಲ್ಲಿ ಪೂರ್ತಿ ಕಳೀತಾ ಅದೆ ನೋಡು."

ಚುಕ್ಕೆ ಬಿಟ್ಟರೂ ಏಳಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹತ್ತು ಜನ ಪಂಡಿತರು, ಹತ್ತೂ ಜನರದು ಒಂದೇ ಮದ್ದು: ಮಲಗಿಸಿಟ್ಟ ಸ್ಥಿತಿಯನ್ನು ಡಿಸ್ಕಾರ್ಡ್ ಮಾಡಿ, ಹೊಸದಾಗಿ ಶುರುಮಾಡಿ. ಹಾಗೆ ಮಾಡಿದರೆ ಮೆಷೀನು ಏಳುತ್ತದೆ, ಸೇವ್ ಆಗದ ಅಕ್ಕನ ಆ ಕೊನೆಯ ಹಾಳೆ ಮಾತ್ರ ಹೋಗುತ್ತದೆ.

"ಡಿಸ್ಕಾರ್ಡ್ ಅಂದ್ರೆ?" ಅಂದರು ಭಾವ, ಗೊತ್ತಿದ್ದೂ.

"ಬಿಸಾಕಿ ಅಂತ."

ಕಪ್ಪು ಕನ್ನಡಕ ತೆಗೆದರು. ಕಣ್ಣು ಕೆಂಪಗಿತ್ತು. "ಬಿಸಾಕಕೆ ಅದೇನು ಕೊಳ್ತ ಈರುಳ್ಳಿಯಾ?"

ಅವತ್ತು ನಾನು ನನ್ನ ಯೆಸ್ಸಿನ ಕಥೆ ಪೂರ್ತಿ ಒಪ್ಪಿಕೊಂಡೆ. ಬೈತಾರೆ ಅಂದುಕೊಂಡಿದ್ದೆ. ಅವರು ನೋಟ್‌ಬುಕ್ ತರಿಸಿ, ನಾನು ಹೇಳಿದ್ದನ್ನೆಲ್ಲ ನನ್ನ ಕೈಯಲ್ಲೇ ಬರೆಸಿದರು. ಬರೆದು ಮುಗಿಸಿದ ಮೇಲೆ, "ಸದ್ಯ, ಈಗ ಲೈನ್ ಸಿಕ್ತು. ಹೊಸ ಲೈನ್ ಎಳೆದೋರು ಹಳೇದ್ನ ತಕ್ಷಣ ಕೀಳಾಕಿಲ್ಲ ಕಣಮ್ಮಿ. ಹಳೇದು ಅಲ್ಲೇ ಎಲ್ಲೋ ಇರ್ತದೆ. ಹೊರಗಿಂದ್ನ ರೀಸ್ಟಾರ್ಟ್ ಮಾಡು, ಶುರುವಿಗೇ ಒಂದು ಪಟ್ಟಿ ಬರ್ತದೆ, ಅದ್ರಾಗೆ ಹಳೇ ಕರ್ನಲ್ ಇರ್ಬೇಕು ನೋಡು."

ಇತ್ತು. ಎರಡನೇ ಸಾಲಿನಲ್ಲಿ, ಯಾರಿಗೂ ಬೇಡವಾದವರ ಹಾಗೆ ತೆಪ್ಪಗೆ ಕೂತಿತ್ತು. ಬಾಣದ ಗುರುತು ಒತ್ತಿ ಅದನ್ನೇ ಆರಿಸಿದೆ. ಹೊರಗಿನದು ಎದ್ದಿತು. ಒಳಗಿನದನ್ನು ಎಬ್ಬಿಸಿದೆವು. ಶೇಕಡಾ ಇಪ್ಪತ್ತು, ನಲವತ್ತು ಅಂತ ಒಂದು ಗೆರೆ ತೆವಳಿತು. ಭಾವ ನನ್ನ ಕುರ್ಚಿಯ ಬೆನ್ನು ಹಿಡಿದಿದ್ದರು.

ತೆರೆದುಕೊಂಡಿತು.

ಎರಡು ವರ್ಷದಲ್ಲಿ ಮೊದಲ ಸಲ ನಾನು ಆ ಹಾಳೆ ನೋಡಿದೆ. ಈ ಸಲ ಕಾಫಿ ಮಾಡಲು ಕಳಿಸಲು ಅವರಿಗೆ ಮರೆತುಹೋಗಿತ್ತು. 'ಹೊಸಲ ದಾಟಿದಳವ್ವ, ಹಿಂದಿರುಗಿ ನೋಡಿದಳವ್ವ' ಅಂತ ಒಂದು ಸಾಲು. ಸಂತೆಮರಹಳ್ಳಿಯ ನಮ್ಮಜ್ಜಿ ಮನೆಯ ಜಗಲಿ ಮೇಲೆ, ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ, ಅಕ್ಕ ಇದರ ಮೊದಲರ್ಧ ಹಾಡೋದು, ನಾನು ಉಳಿದರ್ಧ. ಸಾಲಿನ ಕೆಳಗೆ ಪದವಲ್ಲದ ಎರಡು ಮಾತಿತ್ತು: 'ರೀ, ಮುಂದಕ್ಕೆ ಮರೆತೋಯ್ತು. ತಂಗಿಗೆ ಗೊತ್ತು, ಫೋನ್ ಮಾಡಿ ಕೇಳಿ.' ಆಮೇಲೆ ಕರ್ಸರ್. ಮಿಟುಕುತ್ತಲೇ ಇತ್ತು.

"ಭಾವ, ಇಷ್ಟು ವರ್ಷ ನನ್ನ ಯಾಕೆ ಕೇಳಲಿಲ್ಲ?"

ಅವರು ಮೇಜಿನ ಮೇಲಿಲ್ಲದ ಧೂಳು ಒರೆಸಿದರು. "ಕೇಳಿದ್ರೆ ನೀನು ಹೇಳ್ಬುಡ್ತಿದ್ದೆ ಕಣಮ್ಮಿ."

ಆ ಗಳಿಗೆಯಲ್ಲಿ ನನಗೂ ಮುಂದಿನ ಸಾಲು ನೆನಪಿರಲಿಲ್ಲ, ನಿಜವಾಗಿಯೂ. ಹಾಗೇ ಅಂದೆ. "ಅಂಗಾರೆ ಸರಿ," ಅಂತ ಮೆಷೀನನ್ನು ಮಲಗಿಸಿದರು.

ವಾರ ಮುಗಿಸಿ ಚಾಮರಾಜನಗರದ ಬಸ್ಸು ಹತ್ತಿದೆ. ತೆರಕಣಾಂಬಿ ದಾಟಿದ ಮೇಲೆ ಪದ ತಾನಾಗೇ ಬಾಯಿಗೆ ಬಂತು, ರಾಗದ ಸಮೇತ, ಕೊನೆಯವರೆಗೂ.

ಭಾವ ಭಾನುವಾರ ಫೋನ್ ಮಾಡುತ್ತಾರೆ. ಕಣ್ಣಿನ ಸುದ್ದಿ, ತರಕಾರಿ ಸುದ್ದಿ ಎಲ್ಲ ಆದಮೇಲೆ, "ನೆಪ್ಪಾಯ್ತಾ?" ಅಂತ ಕೇಳುತ್ತಾರೆ.

"ಇನ್ನೂ ಇಲ್ಲ ಭಾವ," ಅನ್ನುತ್ತೇನೆ.

"ಅರ್ಜೆಂಟೇನಿಲ್ಲ ಬುಡು," ಅನ್ನುತ್ತಾರೆ.